ತೋಟ, ಹೊಳೆ, ಬರಹ: ಮೂಡಿಗೆರೆಯಿಂದ ಕಳಸದವರೆಗೆ

ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಸೃಜನಶೀಲತೆ ದಿನನಿತ್ಯದ ದುಡಿಮೆಯಿಂದ ದೂರ ಸರಿದು ನಿಂತದ್ದು ಕಡಿಮೆ. ಇಲ್ಲಿ ಕಥೆ ಬರೆದವರು ಗದ್ದೆಗೆ ನೀರು ಕಟ್ಟಿದವರೂ ಹೌದು, ಹೊಳೆಯ ದಂಡೆಯಲ್ಲಿ ಗಾಳ ಹಿಡಿದು ಕುಳಿತವರೂ ಹೌದು. ಚಿಕ್ಕಮಗಳೂರಿನಿಂದ ಹೊರಟು ಮೂಡಿಗೆರೆ, ಕೊಟ್ಟಿಗೆಹಾರ, ಕಳಸ, ಹೊರನಾಡುಗಳನ್ನು ಹಾದು ಭದ್ರೆಯ ಜೊತೆಗೇ ಬಾಳೆಹೊನ್ನೂರಿನ ಕಡೆ ಇಳಿಯುವ ದಾರಿಯನ್ನು ಸಾಮಾನ್ಯವಾಗಿ ಜಲಪಾತ, ದೇವಸ್ಥಾನ, ಹೋಂಸ್ಟೇಗಳ ಲೆಕ್ಕದಲ್ಲಿ ನೋಡಲಾಗುತ್ತದೆ. ಅದೇ ದಾರಿಯನ್ನು ಕೆಲಸದ ಲೆಕ್ಕದಲ್ಲಿ, ಕೆಲಸದೊಳಗೆ ಹುಟ್ಟುವ ಕಾಣ್ಕೆಯ ಲೆಕ್ಕದಲ್ಲಿ ನೋಡಿದರೆ ಈ ನಾಡಿನ ನಿಜವಾದ ಸಂಪತ್ತು ತಿಳಿಯುತ್ತದೆ.

ಚಿಕ್ಕಮಗಳೂರು ಪೇಟೆಯ ಉತ್ತರಕ್ಕೆ ಬಾಗಿ ನಿಂತಿರುವುದು ಚಂದ್ರದ್ರೋಣ ಪರ್ವತ. ಕರ್ನಾಟಕದ ಅತಿ ಎತ್ತರದ ಶಿಖರವಾದ 1,930 ಮೀಟರಿನ ಮುಳ್ಳಯ್ಯನಗಿರಿ ಈ ಸಾಲಿನದೇ. ಹಜ್ ಯಾತ್ರೆಯಿಂದ ಮರಳುವಾಗ ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮೆನ್ ದೇಶದ ಮೋಖಾದಿಂದ ಏಳು ಕಾಫಿ ಬೀಜಗಳನ್ನು ತಂದು ಈ ಬೆಟ್ಟದಲ್ಲಿ ಬಿತ್ತಿದರು ಎಂಬುದು ಐತಿಹ್ಯ. ಅದು ನಡೆದದ್ದು 17ನೇ ಶತಮಾನದಲ್ಲಿ ಎನ್ನುತ್ತಾರೆ. ದತ್ತಾತ್ರೇಯನನ್ನೂ ಸೂಫಿ ಸಂತ ದಾದಾ ಹಯಾತ್‌ರನ್ನೂ ನೆನೆಯುವ ಜನ ಈ ಬೆಟ್ಟದ ಒಂದೇ ಗುಹೆಗೆ ನಡೆದು ಬಂದಿದ್ದಾರೆ. ಏಳು ಬೀಜಗಳ ಕಥೆಯನ್ನು ಚರಿತ್ರೆಯೆಂದು ಸಾಧಿಸುವುದು ಕಷ್ಟ, ಅದರ ಅಗತ್ಯವೂ ಇಲ್ಲ. ಒಂದು ಜಿಲ್ಲೆಯ ಇಡೀ ಬದುಕನ್ನು ಬದಲಿಸಿದ ಬೆಳೆಯ ಮೂಲವನ್ನು ಜನ ರಾಜನ ದಂಡಯಾತ್ರೆಗೂ ಕಂಪೆನಿಯ ಹಡಗಿಗೂ ಕೊಡದೆ ಒಬ್ಬ ಫಕೀರನ ಮುಷ್ಟಿಗೆ ಕೊಟ್ಟಿದ್ದಾರೆ. ಆ ಆಯ್ಕೆಯೇ ಮುಖ್ಯ. ದೊಡ್ಡ ತೋಟಗಳು ಎದ್ದದ್ದು 19ನೇ ಶತಮಾನದಲ್ಲಿ, ಬ್ರಿಟಿಷ್ ಪ್ಲಾಂಟರುಗಳ ಕಾಲದಲ್ಲಿ. ಸ್ಥಳೀಯ ಗೌಡರ ಮನೆತನಗಳೂ ಸಣ್ಣ ಹಿಡುವಳಿದಾರರೂ ಕಾಫಿ ಬೆಳೆಗಾರರಾದರು.

ಮೂಡಿಗೆರೆ ರಸ್ತೆಯಲ್ಲಿ ಸಾಗುವಾಗ ಎರಡೂ ಬದಿಗೆ ಕಾಣುವುದು ಕಾಡೇ ಎಂದು ಹೊಸಬರಿಗೆ ಅನಿಸುತ್ತದೆ. ಭಾರತದ ಕಾಫಿ ಬಹುಪಾಲು ನೆರಳಿನಲ್ಲಿ ಬೆಳೆಯುವ ಬೆಳೆ. ಹಲಸು, ನಂದಿ, ಅತ್ತಿ, ಸಿಲ್ವರ್ ಓಕ್ ಮೇಲೆ, ಹಾಲುವಾಣ ನಡುವೆ, ಮರಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಕೆಳಗೆ ಕಾಫಿ. ಈ ನೆರಳು ತಾನಾಗಿ ಬಂದದ್ದಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮರ ಹತ್ತಿ ಕೊಂಬೆ ಸವರುವ ಮರಗಸಿ ಕೆಲಸ ನಡೆಯುತ್ತದೆ. ಯಾವ ಕೊಂಬೆ ಉಳಿಯಬೇಕು, ಯಾವುದು ಹೋಗಬೇಕು, ನೆಲಕ್ಕೆ ಬೀಳುವ ಬಿಸಿಲು ಎಷ್ಟಿರಬೇಕು ಎಂಬುದನ್ನು ಮರದ ಮೇಲೆ ನಿಂತವನೇ ತೀರ್ಮಾನಿಸಬೇಕು. ನೆರಳು ಹೆಚ್ಚಾದರೆ ಫಸಲು ಕಡಿಮೆ, ಮಳೆಗಾಲದಲ್ಲಿ ಕೊಳೆ. ನೆರಳು ಕಡಿಮೆಯಾದರೆ ಗಿಡ ಬಿಸಿಲಿಗೆ ಬಾಡುತ್ತದೆ, ಹುಳು ಬೀಳುತ್ತದೆ. ನಲವತ್ತು ಅಡಿ ಮೇಲೆ ಒಂದು ಕೈಯಲ್ಲಿ ಕತ್ತಿ ಹಿಡಿದು ಕೆಳಗಿನ ಗಿಡದ ಮುಂದಿನ ವರ್ಷವನ್ನು ಎಣಿಸುವ ಈ ಕೆಲಸಗಾರನನ್ನು ಕಲಾವಿದ ಎಂದು ಯಾರೂ ಕರೆಯುವುದಿಲ್ಲ. ಬೆಳಕನ್ನು ಹದ ಮಾಡುವುದು ಅವನ ಕಸುಬು, ಮತ್ತು ಅವನ ಕೈಯ ಗುಣ ಇಡೀ ತೋಟದಲ್ಲಿ ಕಾಣುತ್ತದೆ.

ಹಣ್ಣು ಬಿಡಿಸುವವರ ಕೆಲಸವೂ ಹಾಗೆಯೇ. ಅರೇಬಿಕಾ ಹಣ್ಣು ನವೆಂಬರಿನಿಂದ ಜನವರಿಯವರೆಗೆ, ರೋಬಸ್ಟಾ ಅದರ ನಂತರ. ಒಂದೇ ಗೆಲ್ಲಿನಲ್ಲಿ ಹಸಿರು, ಹಳದಿ, ಕೆಂಪು ಮೂರೂ ಇರುವುದರಿಂದ ಒಳ್ಳೆಯ ತೋಟದಲ್ಲಿ ಅರೇಬಿಕಾವನ್ನು ಹಲವು ಸುತ್ತು ಕೊಯ್ಯುತ್ತಾರೆ. ಕೆಂಪಾದದ್ದನ್ನಷ್ಟೇ ತೆಗೆದು ಮುಂದಿನ ವರ್ಷದ ಮೊಗ್ಗು ಮುರಿಯದಂತೆ ಬೆರಳಾಡಿಸುವುದು ಹೆಚ್ಚಾಗಿ ಹೆಂಗಸರ ಕೆಲಸ. ಸಂಜೆ ಕಣದ ಬಳಿ ಚೀಲ ತೂಗುವಾಗ ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ ಕಿಲೋ ಮಾತ್ರ ದಾಖಲಾಗುತ್ತದೆ. ಕಪ್ಪಿನಲ್ಲಿ ಬರುವ ರುಚಿಯ ಬಹುಭಾಗ ಆ ಬೆರಳುಗಳಲ್ಲೇ ನಿರ್ಧಾರವಾಗಿದ್ದರೂ ಲೋಟದ ಮುಂದೆ ಕುಳಿತವರಿಗೆ ಅವರ ಹೆಸರು ಎಂದೂ ತಲುಪುವುದಿಲ್ಲ. ಈ ಅನ್ಯಾಯವನ್ನು ಕಾಫಿ ಸೀಮೆಯ ವರ್ಣನೆಗಳು ಬಹಳ ಸುಲಭವಾಗಿ ಮರೆಯುತ್ತವೆ.

ಮಾರ್ಚ್ ತಿಂಗಳ ಸುಮಾರಿಗೆ ಇಡೀ ಸೀಮೆ ಆಕಾಶ ನೋಡುತ್ತದೆ. ಗೆಲ್ಲುಗಳಲ್ಲಿ ಮೊಗ್ಗು ಸೂಜಿಯಂತೆ ನಿಂತಿರುತ್ತದೆ. ಒಂದು ಇಂಚಿನಷ್ಟು ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಒಂದೇ ಬೆಳಿಗ್ಗೆ ಬೆಳ್ಳಗಾಗುತ್ತದೆ. ಇದನ್ನು ಹೂಮಳೆ ಎನ್ನುತ್ತಾರೆ. ಹೂ ಎರಡು ಮೂರು ದಿನ ನಿಲ್ಲುತ್ತದೆ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಅದನ್ನು ತರಲು ಗಾಳಿಯೂ ಜೇನೂ ಬೇಕು. ಆ ದಿನಗಳಲ್ಲಿ ಹೆಜ್ಜೇನು ಎಲ್ಲಿಂದಲೋ ಬಂದು ಎತ್ತರದ ಮರಗಳಿಗೆ ಕಟ್ಟುತ್ತದೆ, ತುಡುವೆ ಜೇನಿನ ಪೆಟ್ಟಿಗೆಗಳು ತೋಟದ ಅಂಚಿನಲ್ಲಿ ಗುಂಯ್‌ಗುಡುತ್ತವೆ. ವರ್ಷವಿಡೀ ಗೊಬ್ಬರ, ಔಷಧಿ, ಲೆಕ್ಕ ಎಂದು ಓಡಾಡಿದ ಬೆಳೆಗಾರ ಕೊನೆಗೆ ಒಂದು ಮಳೆಗೂ ಒಂದು ಹುಳುವಿಗೂ ಕಾಯಬೇಕು. ತಾನು ಬೆಳೆದೆ ಎಂದು ಹೇಳಿಕೊಳ್ಳಲು ಈ ಬೆಳೆ ಪೂರ್ತಿ ಅವಕಾಶ ಕೊಡುವುದಿಲ್ಲ.

ಮೂಡಿಗೆರೆ ಚಿಕ್ಕಮಗಳೂರಿನಿಂದ ಸುಮಾರು 30 ಕಿಲೋಮೀಟರ್. ಹೊಯ್ಸಳರ ಮೂಲಸ್ಥಾನವೆನ್ನುವ ಅಂಗಡಿ ಗ್ರಾಮ, ಅಂದರೆ ಹಳೆಯ ಸೊಸೆವೂರು, ಇದೇ ತಾಲ್ಲೂಕಿನಲ್ಲಿದೆ. ಆದರೂ ಕನ್ನಡ ಓದುಗರಿಗೆ ಮೂಡಿಗೆರೆ ಎಂದರೆ ಮೊದಲು ನೆನಪಾಗುವುದು ಕೆ.ಪಿ. ಪೂರ್ಣಚಂದ್ರ ತೇಜಸ್ವಿ. 1938ರ ಸೆಪ್ಟೆಂಬರ್ 8ರಂದು ಹುಟ್ಟಿದ ಅವರು ಕುವೆಂಪು ಅವರ ಹಿರಿಯ ಮಗ. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದವರಿಗೆ ಅಧ್ಯಾಪಕ ವೃತ್ತಿಯ ಬಾಗಿಲು ತೆರೆದೇ ಇತ್ತು, ತಂದೆಯ ಹೆಸರಿನ ನೆರಳೂ ದೊಡ್ಡದಿತ್ತು. ಎರಡನ್ನೂ ಬಿಟ್ಟು 1960ರ ದಶಕದಲ್ಲಿ ಅವರು ಮೂಡಿಗೆರೆ ಸೀಮೆಗೆ ಬಂದು ಜಮೀನು ಮಾಡಿದರು. ಮೊದಲು ‘ಚಿತ್ರಕೂಟ’ ಎಂಬ ತೋಟ, ಆಮೇಲೆ ‘ನಿರುತ್ತರ’. 1966ರಲ್ಲಿ ಕುಪ್ಪಳಿಯಲ್ಲಿ ರಾಜೇಶ್ವರಿಯವರೊಂದಿಗೆ ನಡೆದ ಅವರ ಮದುವೆ ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ಮೊದಲ ಮದುವೆ. ಪುರೋಹಿತರಿಲ್ಲ, ಆಡಂಬರವಿಲ್ಲ. ಆಮೇಲಿನ ನಾಲ್ಕು ದಶಕದ ಬದುಕೂ ಅದೇ ಬಗೆಯದು.

ಬೇಸಾಯಕ್ಕೆ ಬಂದದ್ದು ಅವರ ಬರಹವನ್ನು ಬದಲಿಸಿತು. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ಅವರು ನವ್ಯ ಸಾಹಿತ್ಯದ ದಾರಿ ತಮಗೆ ಸಾಲದೆಂದು ಬಿಚ್ಚುಮಾತಿನಲ್ಲಿ ಹೇಳಿದರು; ಲೋಹಿಯಾರ ಚಿಂತನೆ, ಕುವೆಂಪು ಅವರ ಕಲಾಸೃಷ್ಟಿ, ಶಿವರಾಮ ಕಾರಂತರ ಬದುಕಿನ ಪ್ರಯೋಗಶೀಲತೆ ತಮಗೆ ದಾರಿ ತೋರಿವೆ ಎಂದರು. ಇನ್ನೊಬ್ಬರಿಂದ ಪಡೆದದ್ದನ್ನು ಹೆಸರು ಹಿಡಿದು ಹೇಳುವುದು ಒಂದು ಬಗೆಯ ವಿನಯ. ಅದರ ಜೊತೆಗೆ, ತನ್ನ ಕಾಲದ ದೊಡ್ಡ ಚಳವಳಿಯಿಂದ ಹೊರಬರುವ ಧೈರ್ಯವೂ ಆ ಮುನ್ನುಡಿಯಲ್ಲಿದೆ. ಕಥೆಗಳ ಒಳಗೆ ಬಂದವರು ಪೇಟೆಯ ಒಂಟಿ ಬುದ್ಧಿಜೀವಿಗಳಲ್ಲ. ಊರಿಗೆ ಹೊಸದಾಗಿ ಬಂದ ಅಂಚೆ ಕಚೇರಿ, ಅದರ ಸುತ್ತ ಹುಟ್ಟುವ ಗಾಳಿಮಾತು, ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರ. ‘ತಬರನ ಕಥೆ’ಯನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು. 1986ರ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು, ತಬರನಾಗಿ ನಟಿಸಿದ ಚಾರುಹಾಸನ್ ಅತ್ಯುತ್ತಮ ನಟರಾದರು. ಅರ್ಜಿ, ಸಹಿ, ಮೊಹರುಗಳ ನಡುವೆ ಒಬ್ಬ ಮನುಷ್ಯ ಕರಗಿಹೋಗುವುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಕಥೆ ಕನ್ನಡದಲ್ಲಿ ಅಪರೂಪ.

1980ರಲ್ಲಿ ಬಂದ ‘ಕರ್ವಾಲೊ’ ಈ ಸೀಮೆಯ ಸೃಜನಶೀಲತೆಯ ಎದೆಬಡಿತವನ್ನೇ ಹಿಡಿದ ಕೃತಿ. ಅದರಲ್ಲಿ ಮೂಡಿಗೆರೆಯ ಒಬ್ಬ ಕೃಷಿಕ ತನ್ನ ಬೇಸಾಯದ ತಾಪತ್ರಯಗಳ ನಡುವೆ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿ ಕರ್ವಾಲೊ ಅವರ ಪರಿಚಯ ಮಾಡಿಕೊಳ್ಳುತ್ತಾನೆ. ಜೇನು ಸೊಸೈಟಿಯ ಸುತ್ತ ಓಡಾಡುವ, ಜೇನು ಹಿಡಿಯುವುದರಲ್ಲಿ ನಿಸ್ಸೀಮನಾದ ಮಂದಣ್ಣ ಊರವರ ಕಣ್ಣಿಗೆ ಕೆಲಸಕ್ಕೆ ಬಾರದ ಹುಡುಗ. ಅವನ ಆಸೆಗಳೂ ಸಣ್ಣವು, ಒಂದು ಮದುವೆ, ಹೊಟ್ಟೆಪಾಡಿಗೊಂದು ನೌಕರಿ. ಕರ್ವಾಲೊ ಮಾತ್ರ ಅವನಲ್ಲಿ ಹುಟ್ಟು ನಿಸರ್ಗಶಾಸ್ತ್ರಜ್ಞನನ್ನು ಕಾಣುತ್ತಾರೆ. ಹಾರುವ ಓತಿಯನ್ನು ಕಂಡವನು ಮಂದಣ್ಣ, ಅದರ ಮಹತ್ವ ಅರಿತವರು ಕರ್ವಾಲೊ. ಕಂಡದ್ದನ್ನು ಮಂದಣ್ಣ ದೊಡ್ಡದೆಂದು ಎಣಿಸಿರಲಿಲ್ಲ, ಅರಿತ ಕರ್ವಾಲೊ ಅದನ್ನು ತಾವಾಗಿ ಕಂಡಿರಲಿಲ್ಲ. ಓದಿದವನೂ ಓದದವನೂ, ಅಡುಗೆಯವನೂ ಫೋಟೋ ತೆಗೆಯುವವನೂ, ಒಂದು ನಾಯಿಯೂ ಸೇರಿ ಕಾಡು ಹೊಕ್ಕಾಗ ಅಲ್ಲಿ ಯಜಮಾನ ಯಾರೂ ಉಳಿಯುವುದಿಲ್ಲ. ಕೊನೆಗೆ ಓತಿ ಇವರ ಕೈಗೆ ಸಿಗದೆ ಪ್ರಪಾತದ ಮೇಲೆ ತೇಲಿ ಹೋಗುತ್ತದೆ. ಅಷ್ಟೆಲ್ಲ ಶ್ರಮದ ನಂತರ ಬರಿಗೈಯಲ್ಲಿ ನಿಂತವರ ಮುಖದಲ್ಲಿ ಸೋಲಿಗಿಂತ ಬೆರಗೇ ಹೆಚ್ಚಾಗಿ ಕಾಣುವಂತೆ ಬರೆದದ್ದು ತೇಜಸ್ವಿಯವರ ದೊಡ್ಡತನ. ಒಂದು ಜೀವಿಯನ್ನು ಹಿಡಿದು ಬಾಟಲಿಗೆ ಹಾಕುವುದಕ್ಕಿಂತ ಅದರ ಎದುರು ತನ್ನ ಅಳತೆ ತಿಳಿಯುವುದು ಹೆಚ್ಚಿನ ಜ್ಞಾನವೆಂದು ನಂಬಿದ ಕಾದಂಬರಿ ಇದು.

ಹಾರುವ ಓತಿ ಬರೀ ಕಟ್ಟುಕಥೆಯೂ ಅಲ್ಲ. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಡಿಕೆ ತೋಟಗಳಲ್ಲಿ ಇಂಥ ಓತಿ ಈಗಲೂ ಇದೆ. ಉದ್ದವಾದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮವನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಗಂಡು ಗಂಟಲಿನ ಹಳದಿ ಚೀಲವನ್ನು ಚಾಚಿ ಸಂಗಾತಿಯನ್ನು ಕರೆಯುತ್ತದೆ. ತೊಗಟೆಯ ಬಣ್ಣಕ್ಕೆ ಮೈ ಹೊಂದಿಕೊಂಡಿರುವುದರಿಂದ ಅಡಿಕೆ ಮರದ ಕೆಳಗೆ ಬದುಕೆಲ್ಲ ಓಡಾಡಿದವರಿಗೂ ಅದು ಕಣ್ಣಿಗೆ ಬೀಳದೆ ಇರಬಹುದು.

ತೇಜಸ್ವಿಯವರ ಮಿಕ್ಕ ಕೃತಿಗಳಲ್ಲೂ ವಸ್ತು ಬಂದದ್ದು ಸುತ್ತಲಿನಿಂದಲೇ. ಏಲಕ್ಕಿ ಬೆಳೆಯ ಕುಸಿತದ ಹಿನ್ನೆಲೆಯ ‘ಚಿದಂಬರ ರಹಸ್ಯ’ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ಜುಗಾರಿ ಕ್ರಾಸ್’ನಲ್ಲಿ ಏಲಕ್ಕಿ ಮಾರಲು ಹೊರಟ ದಂಪತಿ ಒಂದೇ ದಿನದೊಳಗೆ ಕಾಳದಂಧೆಯ ಸುಳಿಗೆ ಸಿಕ್ಕುತ್ತಾರೆ. ‘ಪರಿಸರದ ಕತೆ’ಯ ಮಾರ, ಪ್ಯಾರ, ಕಿವಿ ಎಂಬ ನಾಯಿ ಕನ್ನಡದ ಮಕ್ಕಳಿಗೂ ಮನೆಯವರಂತೆ ಪರಿಚಿತರು. ಜಪಾನಿನ ಮಸನೊಬು ಫುಕುವೋಕಾ ಅವರ ಕೃಷಿ ವಿಚಾರಗಳನ್ನು ‘ಸಹಜ ಕೃಷಿ’ಯ ಮೂಲಕ ಕನ್ನಡಕ್ಕೆ ತಂದರು. ನೆಲ ಉಳದೆ, ಔಷಧಿ ಹೊಡೆಯದೆ, ನಿಸರ್ಗದ ಕೆಲಸಕ್ಕೆ ಅಡ್ಡ ಬಾರದೆ ಬೆಳೆಯಬಹುದೆಂಬ ಆ ವಾದ ಮಲೆನಾಡಿನ ರೈತರಲ್ಲಿ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು.

ಬರಹ ಅವರ ಹಲವು ಕೆಲಸಗಳಲ್ಲಿ ಒಂದು. ಹಕ್ಕಿಗಳ ಛಾಯಾಚಿತ್ರಕ್ಕಾಗಿ ಮರೆಯಲ್ಲಿ ಗಂಟೆಗಟ್ಟಲೆ ಕೂರುವುದು, ಮೀನು ಹಿಡಿಯುವುದು, ಚಿತ್ರ ಬರೆಯುವುದು, ತಮ್ಮ ಪುಸ್ತಕಗಳ ಮುಖಪುಟ ತಾವೇ ಮಾಡುವುದು, ‘ಪುಸ್ತಕ ಪ್ರಕಾಶನ’ದಿಂದ ಅವನ್ನು ಹೊರತರುವುದು, ಕೆಟ್ಟ ಯಂತ್ರ ಬಿಚ್ಚಿ ಜೋಡಿಸುವುದು. ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಕೂರಬೇಕೆಂದು ಹಟ ಹಿಡಿದವರಲ್ಲೂ ಅವರು ಮೊದಲಿಗರು; ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು ಕನ್ನಡ ತಂತ್ರಾಂಶ’ದ ಹಿಂದೆ ಅವರ ಒತ್ತಾಸೆ ಇತ್ತು. ಈ ಎಲ್ಲದರ ನಡುವೆ ಮನೆ, ತೋಟ, ಇಬ್ಬರು ಹೆಣ್ಣುಮಕ್ಕಳ ಬೆಳವಣಿಗೆ ಹೇಗೆ ನಡೆಯಿತೆಂದು ತಿಳಿಯಲು ರಾಜೇಶ್ವರಿಯವರ ‘ನನ್ನ ತೇಜಸ್ವಿ’ ಓದಬೇಕು. ಲೇಖಕನ ಸ್ವಾತಂತ್ರ್ಯವನ್ನು ಮನೆಯೊಳಗಿನ ಇನ್ನೊಬ್ಬರ ದುಡಿಮೆ ಹೊತ್ತಿರುತ್ತದೆ ಎಂಬುದನ್ನು ಕನ್ನಡದ ಲೇಖಕರ ಚರಿತ್ರೆಗಳು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಮುಗಿಸುತ್ತವೆ. ಇಲ್ಲಿ ಅದಕ್ಕೆ ಒಂದು ಇಡೀ ಪುಸ್ತಕ ಸಿಕ್ಕಿತು, ಅದೂ ಅವರದೇ ಮಾತಿನಲ್ಲಿ.

ತೇಜಸ್ವಿ ಮಾತಿನಲ್ಲಿ ನೇರ, ವಾದದಲ್ಲಿ ಖಾರ. ಒಪ್ಪದ್ದನ್ನು ಎದುರಿಗೇ ಹೇಳುತ್ತಿದ್ದರು. ಸಭೆ, ಹಾರ, ಸನ್ಮಾನಗಳಿಂದ ದೂರ ಇರುತ್ತಿದ್ದರು. ಪಂಪ ಪ್ರಶಸ್ತಿಯಂಥ ಗೌರವಗಳು ಬಂದಾಗಲೂ ದಿನಚರಿ ತೋಟದ್ದೇ. ಅವರ ವಿನಯ ಮನುಷ್ಯರ ಎದುರು ಬಾಗುವ ನಯವಂತಿಕೆಯಾಗಿರಲಿಲ್ಲ. ಒಂದು ಕೀಟದ ಎದುರು, ಒಂದು ಹಕ್ಕಿಗೂಡಿನ ಎದುರು, ತಮಗಿಂತ ಚೆನ್ನಾಗಿ ಕಾಡು ಬಲ್ಲ ಕೂಲಿಯವನ ಎದುರು ಅದು ಹೊರಬರುತ್ತಿತ್ತು. 2007ರ ಏಪ್ರಿಲ್ 5ರಂದು ‘ನಿರುತ್ತರ’ದಲ್ಲೇ ಅವರು ತೀರಿಕೊಂಡರು.

ಮೂಡಿಗೆರೆಯಿಂದ ಬಣಕಲ್ ದಾಟಿದರೆ ಕೊಟ್ಟಿಗೆಹಾರ. ಚಾರ್ಮಾಡಿ ಘಾಟಿಯ ನೆತ್ತಿಯ ಈ ಊರಿನಲ್ಲಿ ಮಳೆಗಾಲವೆಂದರೆ ಮಂಜು, ಗಾಳಿ ಮತ್ತು ನಿಲ್ಲದ ನೀರು. ಘಟ್ಟ ಹತ್ತಿ ಇಳಿಯುವ ಬಸ್ಸು ಲಾರಿಗಳವರು ನೀರುದೋಸೆಗೆ ನಿಲ್ಲುವ ಜಾಗ. ಪೂರ್ಣಚಂದ್ರ ತೇಜಸ್ವಿ ಪ್ರತಿಷ್ಠಾನ ಇರುವುದು ಇಲ್ಲೇ. ಅವರ ಪುಸ್ತಕ, ಛಾಯಾಚಿತ್ರಗಳನ್ನು ನೋಡಲು ಓದುಗರು ಬರುತ್ತಾರೆ. ವಿದ್ಯಾರ್ಥಿಗಳಿಗೆ ಶಿಬಿರ, ಚಾರಣಗಳು ನಡೆಯುತ್ತವೆ. ಲೇಖಕನ ಸ್ಮಾರಕದಿಂದ ಹುಡುಗರು ಕಾಡಿನ ಕಡೆ ಹೊರಡುವುದು ಎಲ್ಲ ಊರಲ್ಲೂ ಕಾಣುವ ನೋಟವಲ್ಲ, ಈ ಲೇಖಕನಿಗೆ ಇದಕ್ಕಿಂತ ಒಪ್ಪುವ ಗೌರವವೂ ಇಲ್ಲ.

ಕೊಟ್ಟಿಗೆಹಾರದಿಂದ ಬಾಳೂರಿನ ಮೇಲೆ ಕಳಸದ ರಸ್ತೆ ಹೋಗುತ್ತದೆ. ಬಲ್ಲಾಳರಾಯನದುರ್ಗದ ತಪ್ಪಲಿನ ಜಾವಳಿಯಲ್ಲಿ ಹೇಮಾವತಿ ಹುಟ್ಟಿ ಕಾವೇರಿಯ ಕಡೆ ಹರಿಯುತ್ತಾಳೆ. ಅನತಿ ದೂರದ ಗಂಗಾಮೂಲದಲ್ಲಿ ಹುಟ್ಟಿದ ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಸೇರಿ ಕೃಷ್ಣೆಗೆ ಹೋಗುತ್ತಾಳೆ. ಇದೇ ಬೆಟ್ಟಸಾಲಿನ ಪಡುವಣ ನೀರು ನೇತ್ರಾವತಿಯಾಗಿ ಮಂಗಳೂರಿನ ಕಡಲಿಗೆ ಇಳಿಯುತ್ತದೆ. ಒಂದೇ ಮೋಡದ ಮಳೆ ಬೆಟ್ಟದ ಯಾವ ಮಗ್ಗುಲಿಗೆ ಬಿತ್ತು ಎಂಬುದರ ಮೇಲೆ ಮೂರು ನಾಡುಗಳ ಪಾಲಾಗುತ್ತದೆ. ಮಂಡ್ಯದ ಕಬ್ಬು, ತುಂಗಭದ್ರೆಯ ಬಯಲಿನ ಭತ್ತ ಎರಡಕ್ಕೂ ಈ ತೋಟಗಳ ಮೇಲೆ ಸುರಿದ ನೀರಿನ ಋಣವಿದೆ.

ಕಳಸದಲ್ಲಿ ಭದ್ರೆ ಊರನ್ನು ಬಳಸಿ ಹರಿಯುತ್ತಾಳೆ. ಎತ್ತರದ ಮೆಟ್ಟಿಲುಗಳ ಮೇಲಿನ ಕಳಸೇಶ್ವರ ದೇವಾಲಯ, ಹೊಳೆಯ ಉದ್ದಕ್ಕೂ ಪಂಚತೀರ್ಥಗಳು. ಅಂಬಾತೀರ್ಥದಲ್ಲಿ ಒಂದು ಭಾರಿ ಬಂಡೆ ಇದೆ. ಮಧ್ವಾಚಾರ್ಯರು ಅದನ್ನು ಒಂದೇ ಕೈಯಲ್ಲಿ ತಂದಿಟ್ಟರೆಂದು ಸಾರುವ ಸಂಸ್ಕೃತ ಬರಹವೂ ಅದರ ಮೇಲಿದೆ. ಬರಹದ ಸುತ್ತ ಭದ್ರೆಯ ನೀರು ಕಲ್ಲನ್ನು ಕೊರೆದು ನಯ ಮಾಡಿದೆ. ಅಕ್ಷರ ಕೊರೆದವನ ಹೆಸರು ಉಳಿದಿಲ್ಲ. ಹೊರನಾಡಿಗೆ ಹೋಗುವ ದಾರಿಯ ಹೆಬ್ಬಾಳೆ ಸೇತುವೆ ತೀರಾ ತಗ್ಗಿನದು, ಜೋರು ಮಳೆಗೆ ಭದ್ರೆ ಅದರ ಮೇಲೇ ಹರಿಯುತ್ತಾಳೆ. ಆಗ ಶಾಲೆ, ಆಸ್ಪತ್ರೆ, ಸಂತೆ ಎಲ್ಲದರ ವೇಳಾಪಟ್ಟಿಯನ್ನೂ ಹೊಳೆಯೇ ಬರೆಯುತ್ತದೆ. ಕಳಸದ ಜನ ಆಷಾಢಕ್ಕೆ ಮುನ್ನ ಸೌದೆ, ಅಕ್ಕಿ, ಉಪ್ಪಿನಕಾಯಿ ಕೂಡಿಡುವುದು ಈ ಅನುಭವದಿಂದ.

ಹೊರನಾಡಿನ ಅನ್ನಪೂರ್ಣೇಶ್ವರಿ ದೇವಾಲಯ ಕಳಸದಿಂದ ಎಂಟು ಕಿಲೋಮೀಟರ್. ಈಗಿನ ವಿಗ್ರಹದ ಪ್ರತಿಷ್ಠೆ 1973ರದು. ಇಲ್ಲಿನ ಹೆಗ್ಗಳಿಕೆ ಗೋಪುರದ್ದಲ್ಲ, ಅಡುಗೆಮನೆಯದು. ಬಂದವರ ಜಾತಿ, ಊರು, ಅಂತಸ್ತು ಕೇಳದೆ ಊಟ ಬಡಿಸುತ್ತಾರೆ, ಸುತ್ತಲಿನ ಕೃಷಿಕರು ತಮ್ಮ ಬೆಳೆಯ ಒಂದು ಪಾಲನ್ನು ತಂದು ಒಪ್ಪಿಸುತ್ತಾರೆ. ಸಾವಿರಾರು ಜನರಿಗೆ ಪ್ರತಿದಿನ ಒಂದೇ ಹದದ ಅನ್ನ, ಸಾರು ಮಾಡುವುದು ಸಣ್ಣ ವಿದ್ಯೆಯಲ್ಲ. ನಿನ್ನೆಯ ರುಚಿಯನ್ನು ಇಂದು ಮತ್ತೆ ತರುವ ಈ ಕೌಶಲವನ್ನು ಹೊಸತನವನ್ನಷ್ಟೇ ಸೃಷ್ಟಿ ಎನ್ನುವವರು ಕಡೆಗಣಿಸುತ್ತಾರೆ, ಅದು ತಪ್ಪು.

ಕಳಸದ ಇನ್ನೊಂದು ಮಗ್ಗುಲಿಗೆ ಕುದುರೆಮುಖ. 1976ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪೆನಿ ಇಲ್ಲಿ ಬೆಟ್ಟ ಅಗೆದು, ಕಬ್ಬಿಣದ ಅದಿರನ್ನು ನೀರಿನಲ್ಲಿ ಕದಡಿ ಕೊಳವೆಯ ಮೂಲಕ ಘಟ್ಟದ ಕೆಳಗಿನ ಪಣಂಬೂರಿಗೆ ಸಾಗಿಸುತ್ತಿತ್ತು. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ಅಸಾಧಾರಣ ಕೆಲಸ, ನೂರಾರು ಕುಟುಂಬಗಳಿಗೆ ಅನ್ನ ಕೊಟ್ಟದ್ದೂ ಹೌದು. ಭದ್ರೆಯ ನೀರಿಗೂ ಶೋಲಾ ಕಾಡಿಗೂ ಆದ ಹಾನಿಯ ವಿರುದ್ಧ ಪರಿಸರವಾದಿಗಳು ದೀರ್ಘ ಹೋರಾಟ ನಡೆಸಿದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಗಣಿಯ ಕೆಸರು ತುಂಬಿದ ಲಕ್ಯಾ ಅಣೆಕಟ್ಟು ಹಾಗೇ ನಿಂತಿದೆ. ಬೆಟ್ಟವನ್ನು ಅಗೆಯುವುದಕ್ಕೆ ಮೂರು ದಶಕ ಸಾಕಾಯಿತು.

ಕಳಸದಿಂದ ಮಾಗುಂಡಿಯ ಮೇಲೆ ಬಾಳೆಹೊನ್ನೂರಿನ ಕಡೆ ಸಾಗಿದರೆ ಸೀಗೋಡಿನ ಬಳಿ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಸಿಗುತ್ತದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1925ರಲ್ಲಿ, ಶುರುವಾದ ಪ್ರಯೋಗ ಕೇಂದ್ರ ಇದರ ಮೂಲ. ಕಾಫಿಯ ಎಲೆ ತುಕ್ಕು ರೋಗ ಅದಕ್ಕೂ ಮೊದಲೇ, 1869ರಲ್ಲಿ, ಸಿಂಹಳದಲ್ಲಿ ಕಾಣಿಸಿ ಅಲ್ಲಿನ ಕಾಫಿಯನ್ನೇ ಅಳಿಸಿ, ಆ ದ್ವೀಪವನ್ನು ಚಹಾದ ನಾಡಾಗಿಸಿತು. ಮೈಸೂರು ಸೀಮೆಯ ತೋಟಗಳೂ ತತ್ತರಿಸಿದವು. 1911ರಲ್ಲಿ ಕೆಂಟ್ ಎಂಬ ಪ್ಲಾಂಟರ್ ದೊಡ್ಡೆಂಗುಡ್ಡ ತೋಟದಲ್ಲಿ ರೋಗಕ್ಕೆ ಬಗ್ಗದ ಒಂದು ಗಿಡವನ್ನು ಗುರುತಿಸಿ ಅದರ ಬೀಜ ಬೆಳೆಸಿದ. ಆ ‘ಕೆಂಟ್ಸ್’ ತಳಿ ಆಫ್ರಿಕದವರೆಗೂ ಹೋಯಿತು. ಬಾಳೆಹೊನ್ನೂರಿನಲ್ಲಿ ಅದನ್ನೇ ಎಸ್.288 ಎಂಬ ಇನ್ನೊಂದು ತಳಿಯ ಜೊತೆ ಕೂಡಿಸಿ ಪಡೆದ ಎಸ್.795 ಎಂಬ ತಳಿ 1940ರ ದಶಕದಲ್ಲಿ ಬೆಳೆಗಾರರ ಕೈಸೇರಿತು, ಇಂದಿಗೂ ಈ ಬೆಟ್ಟಗಳ ಮುಖ್ಯ ಅರೇಬಿಕಾಗಳಲ್ಲಿ ಒಂದು. 2007ರಲ್ಲಿ ‘ಚಂದ್ರಗಿರಿ’ ತಳಿ ಬಂತು. ಒಂದು ತಳಿಯನ್ನು ನಂಬಲು ಹಲವು ವರ್ಷಗಳ ಹೂವು, ಕಾಯಿ, ರೋಗ ನೋಡಬೇಕಾದ್ದರಿಂದ, ಕೆಲಸ ಆರಂಭಿಸಿದ ವಿಜ್ಞಾನಿ ಅದರ ಫಲ ಕಾಣುವ ಮೊದಲೇ ನಿವೃತ್ತನಾಗುವುದು ಇಲ್ಲಿ ಸಾಮಾನ್ಯ.

ಬಿಳಿ ಕಾಂಡಕೊರಕವೆಂಬ ದುಂಬಿಯ ವಿಷಯದಲ್ಲಿ ಅಷ್ಟು ಗೆಲುವು ಸಿಕ್ಕಿಲ್ಲ. ಹೆಣ್ಣು ದುಂಬಿ ಅರೇಬಿಕಾ ಗಿಡದ ತೊಗಟೆಯ ಸಂದಿನಲ್ಲಿ ಮೊಟ್ಟೆ ಇಡುತ್ತದೆ, ಮರಿ ಕಾಂಡದೊಳಗೆ ಸುರಂಗ ಕೊರೆದು ಗಿಡವನ್ನು ಒಣಗಿಸುತ್ತದೆ. ಬಿಸಿಲು ಹೆಚ್ಚಿರುವ ತೋಟದಲ್ಲಿ ಅದರ ಹಾವಳಿ ಹೆಚ್ಚು. ವರ್ಷಕ್ಕೆ ಎರಡು ಬಾರಿ, ದುಂಬಿ ಹಾರುವ ಕಾಲಕ್ಕೆ ಮುನ್ನ, ಆಳುಗಳು ಗಿಡದಿಂದ ಗಿಡಕ್ಕೆ ಹೋಗಿ ಕಾಂಡದ ಮೇಲಿನ ಉಬ್ಬಿದ ಏಣುಗಳನ್ನು ಹುಡುಕುತ್ತಾರೆ. ಕೊರಕ ಬಿದ್ದ ಗಿಡವನ್ನು ಬುಡಸಹಿತ ಕಿತ್ತು ಸುಡುತ್ತಾರೆ, ಮಳೆ ಹಿಡಿದಾಗ ಆ ಗುಂಡಿಯಲ್ಲಿ ಹೊಸ ಸಸಿ ನೆಡುತ್ತಾರೆ.